ಐಂಡ್‌ಹೋವನ್ ಮರೆಯದ ಕೆಜ್ಮಾನ್

ಕಳೆದ ವರ್ಷ ಆಫೀಸಿನ ಕೆಲಸದ ಮೇಲೆ ಆರು ವಾರ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದೆ. ಪುಣೆಯಿಂದ ಹೊರಡುವಾಗ ಆ ಊರಿನ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ: ಫಿಲಿಪ್ಸ್ ಬಲ್ಬು ಮತ್ತು ಪಿಎಸ್‌ವಿ ಫುಟ್‌ಬಾಲ್ ತಂಡ. ಎರಡಕ್ಕೂ ನಂಟಿದೆ ಎಂದು ಹೋದ ಮೇಲೆ ತಿಳಿಯಿತು. 1891ರಲ್ಲಿ ಶುರುವಾದ ಬಲ್ಬಿನ ಕಂಪನಿ ತನ್ನ ನೌಕರರಿಗಾಗಿ 1913ರಲ್ಲಿ ಕಟ್ಟಿದ ಕ್ಲಬ್ಬು ಅದು. ಹೆಸರಿನ ‘ಪಿ’ ಅಂದರೆ ಫಿಲಿಪ್ಸ್.

ಸ್ಟೇಡಿಯಂ ಊರ ಹೊರಗಿಲ್ಲ. ರೈಲ್ವೆ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಒಂದು ಶನಿವಾರ ಅಲ್ಲಿನ ಸಹೋದ್ಯೋಗಿಯೊಬ್ಬರು ಕರೆದುಕೊಂಡು ಹೋದರು. ಐವತ್ತು ದಾಟಿದವರು, ಹುಟ್ಟಿ ಬೆಳೆದದ್ದು ಅದೇ ಊರಿನಲ್ಲಿ. ಹೊರಗೆ ಕ್ಲಬ್ಬಿನ ಹಳೆಯ ಗೋಲುವೀರರಾದ ಕೂನ್ ಡಿಲ್ಲೆನ್, ವಿಲಿ ವಾನ್ ಡರ್ ಕೌಲೆನ್ ಅವರ ಪ್ರತಿಮೆಗಳಿವೆ. ನಾನು ಕೇಳಿದ್ದು ಮಾತ್ರ ಮಟೇಯಾ ಕೆಜ್ಮಾನ್ ಬಗ್ಗೆ. ಅವರ ಮುಖ ಅರಳಿತು.

ನನಗೆ ಕೆಜ್ಮಾನ್ ಗೊತ್ತಿದ್ದದ್ದು ಬೇರೆ ಕಾರಣಕ್ಕೆ. 2004ರಲ್ಲಿ ಅವನು ಚೆಲ್ಸಿಗೆ ಬಂದಾಗ ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲ್ ಟಿವಿಯ ಮುಂದೆ ಕುಳಿತು, ಅವನು ಗೋಲು ತಪ್ಪಿಸಿದಾಗಲೆಲ್ಲ ಬೈಯುತ್ತಿದ್ದೆವು. ಲೀಗಿನಲ್ಲಿ 25 ಪಂದ್ಯ, 4 ಗೋಲು. “ಅಲ್ಲಿ ಅವನು ಫ್ಲಾಪ್ ಅಲ್ಲವೇ?” ಅಂದೆ.

“ಅದು ಲಂಡನ್ನಿನವರ ತಾಪತ್ರಯ,” ಅಂದರು ಅವರು. “ನಮಗೆ ಅವನು 105 ಗೋಲು ಕೊಟ್ಟವನು.”

ನಿಜ. ಬೆಲ್‌ಗ್ರೇಡಿನ ಪಾರ್ಟಿಜಾನ್ ಕ್ಲಬ್ಬಿನಿಂದ 2000ದಲ್ಲಿ ಬಂದ ಈ ಸರ್ಬಿಯಾದ ಹುಡುಗ, ನಾಲ್ಕು ಸೀಸನ್ನುಗಳಲ್ಲಿ ಮೂರು ಸಲ ಡಚ್ ಲೀಗಿನ ಅತಿ ಹೆಚ್ಚು ಗೋಲಿನ ಆಟಗಾರನಾದ. 2002-03ರಲ್ಲಂತೂ 35 ಗೋಲು. ಪಕ್ಕದಲ್ಲಿ ಆರ್ಯೆನ್ ರಾಬೆನ್ ಇದ್ದುದರಿಂದ ಜೋಡಿಗೆ ‘ಬ್ಯಾಟ್‌ಮನ್ ಮತ್ತು ರಾಬೆನ್’ ಎಂಬ ಹೆಸರೂ ಬಿತ್ತು. ಇಲ್ಲಿ ಇಡೀ ತಂಡ ಚೆಂಡನ್ನು ಅವನತ್ತ ತರುತ್ತಿತ್ತು. ಚೆಲ್ಸಿಯಲ್ಲಿ ದ್ರೋಗ್ಬಾ ಇದ್ದ. ಕೆಜ್ಮಾನ್ ಹೆಚ್ಚಾಗಿ ಇಳಿದದ್ದು ಬದಲಿ ಆಟಗಾರನಾಗಿ. 2005ರ ಲೀಗ್ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್ ವಿರುದ್ಧ ಅವನೂ ಒಂದು ಗೋಲು ಹೊಡೆದಿದ್ದ, ನಾವು 3-2ರಿಂದ ಗೆದ್ದಿದ್ದೆವು. ಅದನ್ನೂ ಮರೆತಿದ್ದೆ.

ಹೋಟೆಲಿಗೆ ಮರಳುವಾಗ ನನ್ನದೇ ಯೋಚನೆ ಹತ್ತಿತು. ಬೆಂಗಳೂರಿನ ಹಳೆಯ ಕಂಪನಿಯಲ್ಲಿ ಏಳು ವರ್ಷ, ಏನೇ ಕೆಟ್ಟರೂ ಮೊದಲ ಫೋನು ನನಗೇ. ಪುಣೆಗೆ ಬಂದ ಮೇಲೆ ಸತತ ಎರಡು ಅಪ್ರೈಸಲ್‌ಗಳಲ್ಲಿ ‘ಸುಧಾರಿಸಬೇಕು’. ತಲೆ ಅದೇ, ಕೈ ಅದೇ. ಈ ಕೆಲಸವೇ ನನಗೆ ಆಗಿಬರುವುದಿಲ್ಲವೇನೋ ಎಂದು ಹೆಂಡತಿಯ ಹತ್ತಿರ ಎಷ್ಟೋ ರಾತ್ರಿ ಹೇಳಿದ್ದೆ.

ಪುಣೆಗೆ ಬಂದ ವಾರವೇ ಮ್ಯಾನೇಜರ್ ಹತ್ತಿರ ಹೋಗಿ, ನನಗೆ ಬರುವ ಕೆಲಸವಿರುವ ಟೀಮಿಗೆ ಹಾಕಿ ಎಂದು ಕೇಳಿದೆ. ನೋಡೋಣ ಅಂದಿದ್ದಾರೆ. ಇನ್ನೂ ಉತ್ತರ ಬಂದಿಲ್ಲ. ಆದರೆ ಕೇಳಿದ್ದಕ್ಕೇ ನಿದ್ದೆ ಚೆನ್ನಾಗಿ ಬರುತ್ತಿದೆ.