ಮಣಿಕಟ್ಟಿನಿಂದ ಮೂರು ಬೆರಳು

ಪ್ರಥಮ ಪಿಯುಸಿಗೆ ಸೇರಿದ ಮೊದಲ ಎರಡು ತಿಂಗಳು ನಾನು ಕಾಲೇಜಿಗೆ ಬರುತ್ತಿದ್ದುದು ಬ್ಯಾಗಿನಲ್ಲಿ ಎರಡು ಪ್ಲಾಸ್ಟಿಕ್ ತೊಟ್ಟೆ ಇಟ್ಟುಕೊಂಡೇ. ಮಂಗಳೂರಿನ ಹೊರವಲಯದಲ್ಲಿರುವ ನಮ್ಮ ಮನೆಯಿಂದ ಇಲ್ಲಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನಮ್ಮ ಬಸ್ಸುಗಳ ವಿಷಯ ನಿಮಗೆ ಹೇಳಬೇಕಾಗಿಲ್ಲ. ಹಿಂದಿನ ಬಸ್ಸು ಹತ್ತಿರ ಬಂತು ಅಂದರೆ ಡ್ರೈವರಿಗೆ ತಿರುವೂ ಒಂದೇ, ನೇರ ರಸ್ತೆಯೂ ಒಂದೇ. ನಾಲ್ಕನೇ ಸ್ಟಾಪ್ ಬರುವಷ್ಟರಲ್ಲಿ ನನಗೆ ಬಾಯಿಯಲ್ಲಿ ನೀರೂರಲು ಶುರುವಾಗುತ್ತಿತ್ತು. ಲಿಂಬೆಹಣ್ಣು ಮೂಸಿದೆ, ಶುಂಠಿ ಅಗಿದೆ, ಬೆಳಿಗ್ಗೆ ತಿಂಡಿ ಬಿಟ್ಟೆ. ತಿಂಡಿ ಬಿಟ್ಟ ದಿನ ಇನ್ನೂ ಹೆಚ್ಚಾಯಿತು.

ಆಗ ಮಾಮ ಊರಿಗೆ ಬಂದಿದ್ದರು. ಅವರು ಆರು ವರ್ಷ ಚೀನಾದ ಗುವಾಂಗ್‌ಝೌ ನಗರದಲ್ಲಿ, ಇಲ್ಲಿನ ವ್ಯಾಪಾರಿಗಳಿಗೆ ಸಾಮಾನು ಖರೀದಿಸಿ ಕಳುಹಿಸುವ ಕೆಲಸದಲ್ಲಿದ್ದವರು. ನನ್ನ ಕಥೆ ಕೇಳಿ, "ಕೈ ಕೊಡು" ಎಂದರು. ಅಂಗೈ ಮೇಲೆ ಮಾಡಿಸಿ, ಮಣಿಕಟ್ಟಿನ ಗೆರೆಯ ಮೇಲೆ ನನ್ನದೇ ಇನ್ನೊಂದು ಕೈಯ ಮೂರು ಬೆರಳನ್ನು ಅಡ್ಡಲಾಗಿ ಇರಿಸಿದರು. ಮೂರನೇ ಬೆರಳು ಮುಗಿದ ಕಡೆ, ಎರಡು ನರಗಳ ಹಾಗೆ ಎದ್ದು ಕಾಣುತ್ತವಲ್ಲ, ಅವುಗಳ ನಡುವೆ ಹೆಬ್ಬೆರಳಿನಿಂದ ಒತ್ತಿ, "ಇಲ್ಲಿ. ನಿಧಾನ ಉಸಿರಾಡುತ್ತಾ ಎರಡು ಮೂರು ನಿಮಿಷ. ಬಸ್ ಹತ್ತುವ ಮೊದಲೇ ಶುರು ಮಾಡು" ಎಂದರು. (ಅವು ನರಗಳಲ್ಲ, ಸ್ನಾಯುರಜ್ಜುಗಳು ಎಂದು ಆಮೇಲೆ ಜೀವಶಾಸ್ತ್ರದ ಸರ್ ತಿದ್ದಿದರು.)

ಆ ಬಿಂದುವಿನ ಹೆಸರು ನೆಯ್‌ಗುವಾನ್, ಅಂದರೆ ಒಳಬಾಗಿಲು. ನನಗೆ ಹಿಡಿಸಿದ್ದು ಹೆಸರಿಗಿಂತ ಅಳತೆ. ಚೀನೀ ವೈದ್ಯದಲ್ಲಿ ತ್ಸುನ್ ಎಂಬ ಅಳತೆ ಇದೆ. ಒಂದು ತ್ಸುನ್ ಎಂದರೆ ಹೆಬ್ಬೆರಳ ಗೆಣ್ಣಿನ ಅಗಲ. ನಾಲ್ಕು ಬೆರಳು ಜೋಡಿಸಿದರೆ ಮೂರು ತ್ಸುನ್. ಆದರೆ ಯಾರ ಬೆರಳು? ಯಾರ ಮೈಯನ್ನು ಅಳೆಯುತ್ತೇವೋ ಅವರದೇ ಬೆರಳು. ಪುಟ್ಟ ಮಗುವಿಗೆ ಅದರದೇ ಅಳತೆ, ಪೈಲ್ವಾನನಿಗೆ ಅವನದೇ ಅಳತೆ. ಪ್ರಯೋಗಾಲಯದಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಹಿಡಿದು ಒದ್ದಾಡುತ್ತಿದ್ದ ನನಗೆ ಇದು ಬಹಳ ಸುಲಭವಾಗಿ ಕಂಡಿತು.

ವಾಂತಿ ನಿಂತಿತೇ? ಕಡಿಮೆಯಾಯಿತು. ಒಂದು ವಾರದಲ್ಲಿ ತೊಟ್ಟೆ ಬ್ಯಾಗಿನಲ್ಲೇ ಉಳಿಯತೊಡಗಿತು. ಒತ್ತಿದ್ದರಿಂದಲೋ, ಮನಸ್ಸು ಹೊಟ್ಟೆಯನ್ನು ಬಿಟ್ಟು ಮಣಿಕಟ್ಟಿಗೆ ಹೋದುದರಿಂದಲೋ, ಅಥವಾ ಎರಡು ತಿಂಗಳಲ್ಲಿ ಬಸ್ಸೇ ಅಭ್ಯಾಸವಾಯಿತೋ, ಈಗಲೂ ಖಚಿತವಾಗಿ ಹೇಳಲಾರೆ. ಆಪರೇಷನ್ ಆದ ಮೇಲೆ ಬರುವ ವಾಂತಿಗೆ ಈ ಬಿಂದುವನ್ನು ಒತ್ತಿ ನಡೆಸಿದ ಅನೇಕ ವೈದ್ಯಕೀಯ ಪರೀಕ್ಷೆಗಳಲ್ಲಿ ಪ್ರಯೋಜನ ಕಂಡಿದೆ. ಪ್ರಯಾಣದ ವಾಂತಿಯ ವಿಷಯದಲ್ಲಿ ಫಲಿತಾಂಶಗಳು ಒಂದೇ ರೀತಿ ಇಲ್ಲ. ಆಗ ನನಗೆ ಇದಾವುದೂ ಗೊತ್ತಿರಲಿಲ್ಲ, ಗೊತ್ತುಮಾಡಿಕೊಳ್ಳುವ ತಾಳ್ಮೆಯೂ ಇರಲಿಲ್ಲ.

ಮಾಮ ಇದನ್ನು ಕಲಿತದ್ದು ಯಾವ ಕೋರ್ಸಿನಲ್ಲೂ ಅಲ್ಲ. ಗುವಾಂಗ್‌ಝೌದಲ್ಲಿ ಬೆಳಗಾದರೆ ಪಾರ್ಕುಗಳಲ್ಲಿ ವಯಸ್ಸಾದವರು ಸಾಲಾಗಿ ನಿಂತು ವ್ಯಾಯಾಮ ಮಾಡುತ್ತಾರಂತೆ. ಇವರು ಹಿಂದಿನ ಸಾಲಿನಲ್ಲಿ ಸೇರಿಕೊಂಡರು. ಭಾಷೆ ಬಾರದಿದ್ದರೂ ಕೈಕಾಲು ನೋಡಿ ಕಲಿಯಬಹುದಲ್ಲ. ಅಲ್ಲಿನ ರಸ್ತೆ ಬದಿಯ ಅಂಗಡಿಗಳಲ್ಲಿ ನಾವು ಕಬ್ಬಿನ ಹಾಲು ಕುಡಿದ ಹಾಗೆ ಗಿಡಮೂಲಿಕೆಯ ಕಹಿ ಚಹಾ ಕುಡಿಯುತ್ತಾರಂತೆ. ಲಿಯಾಂಗ್ ಚಾ ಎಂದು ಹೆಸರು. ಸೆಖೆಗೆ, ಗಂಟಲು ನೋವಿಗೆ, ಸುಮ್ಮನೆಯೂ. "ನಮ್ಮ ಅಜ್ಜಿಯ ಕಷಾಯ ಇದರ ಮುಂದೆ ಶರಬತ್ತು" ಎಂದು ಮಾಮ ಮುಖ ಕಿವುಚಿ ತೋರಿಸಿದರು.

ಅವರಿಂದ ನಾನು ಕಲಿತ ಇನ್ನೊಂದು ವಿದ್ಯೆ ಬಾ ದುವಾನ್ ಜಿನ್. ಎಂಟು ತುಂಡು ರೇಷ್ಮೆ ಎಂದು ಅರ್ಥ ಹೇಳಬಹುದು. ಸುಮಾರು 800 ವರ್ಷಗಳಿಂದ ನಡೆದು ಬಂದ ಎಂಟು ಚಲನೆಗಳು. ಮೊದಲನೆಯದರಲ್ಲಿ ಎರಡೂ ಕೈ ಹೆಣೆದು, ಅಂಗೈ ಮೇಲೆ ಮಾಡಿ, ಆಕಾಶವನ್ನು ಎತ್ತಿ ಹಿಡಿದಂತೆ ಚಾಚಬೇಕು. ಎರಡನೆಯದರಲ್ಲಿ ಬಿಲ್ಲು ಎಳೆಯುವ ಭಂಗಿ. ಕೊನೆಯದರಲ್ಲಿ ಹಿಮ್ಮಡಿ ಎತ್ತಿ, ಮೆಲ್ಲಗೆ ದೊಪ್ಪೆಂದು ಬಿಡಬೇಕು. ಎಲ್ಲ ಸೇರಿ ಹದಿನೈದು ನಿಮಿಷ. ಸುಬಹಿ ನಮಾಝ್ ಮುಗಿಸಿ ನಾನು ಟೆರೇಸಿಗೆ ಹೋಗಿ, ನೀರಿನ ಟ್ಯಾಂಕಿನ ಪಕ್ಕ ಜಾಗ ಮಾಡಿಕೊಂಡು ಇದನ್ನು ಮಾಡುತ್ತಿದ್ದೆ. "ಕೈ ಎತ್ತಿದವಳು ಹಾಗೇ ಬಟ್ಟೆಯನ್ನೂ ಒಣಗಲು ಹಾಕು" ಎಂದು ಉಮ್ಮ ಕೆಳಗಿನಿಂದ ಕೂಗುತ್ತಿದ್ದರು. ದಿನವಿಡೀ ಬಗ್ಗಿ ಕೂತು ಓದುವ ಬೆನ್ನಿಗೆ ಅದು ಹಿತವಾಗಿತ್ತು ಎನ್ನುವುದರಲ್ಲಿ ನನಗೆ ಸಂಶಯವಿಲ್ಲ.

ರೋಗ ಬಂದ ಮೇಲೆ ಓಡಾಡುವುದಕ್ಕಿಂತ ಬಾರದ ರೋಗವನ್ನೇ ತಡೆಯುವವನು ಉತ್ತಮ ವೈದ್ಯ ಎಂಬ ವಿಚಾರ ಚೀನಾದಲ್ಲಿ ಎರಡು ಸಾವಿರ ವರ್ಷಗಳಷ್ಟು ಹಳೆಯದು. ಝಿ ವೇಯ್ ಬಿಂಗ್ ಎಂದು ಅದಕ್ಕೆ ಹೆಸರೇ ಇದೆ. ನಾನು ಅದನ್ನು ರೆಕಾರ್ಡ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಂಡೆ.

ಲೈಬ್ರರಿಯಲ್ಲಿ ಹುಡುಕಿದಾಗ ಇನ್ನಷ್ಟು ಸಿಕ್ಕಿತು. 1938ರಲ್ಲಿ ಯುದ್ಧಪೀಡಿತ ಚೀನಾಕ್ಕೆ ಭಾರತದಿಂದ ಹೋದ ಐವರು ವೈದ್ಯರಲ್ಲಿ ಒಬ್ಬರು, ನಮ್ಮ ಗಡಿಯಾಚೆಯ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್. 1942ರಲ್ಲಿ ಅಲ್ಲೇ ತೀರಿಕೊಂಡರು. ಜೊತೆಗೆ ಹೋಗಿದ್ದ ಕಲ್ಕತ್ತೆಯ ಡಾ. ಬಿ. ಕೆ. ಬಸು 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಇಲ್ಲಿ ಆರಂಭಿಸಿದರು. ಅದಕ್ಕಿಂತ ಎಷ್ಟೋ ಮೊದಲು, 1313ರ ಸುಮಾರಿಗೆ, ತಬ್ರೀಝ್ ನಗರದಲ್ಲಿ ವಜೀರನೂ ವೈದ್ಯನೂ ಆಗಿದ್ದ ರಶೀದುದ್ದೀನ್ ಚೀನೀ ವೈದ್ಯಗ್ರಂಥಗಳನ್ನು ಪಾರ್ಸಿ ಭಾಷೆಗೆ ತರಿಸಿದ್ದ. ನಾಡಿ ನೋಡುವ ಕ್ರಮವೂ ಅದರಲ್ಲಿದೆ. ಜ್ಞಾನವನ್ನೂ ಚೀನಾವನ್ನೂ ಸೇರಿಸಿ ಹೇಳುವ ಒಂದು ಮಾತು ನಮ್ಮ ವಾರ್ಷಿಕೋತ್ಸವದ ಭಾಷಣಗಳಲ್ಲಿ ಪ್ರತಿವರ್ಷ ಬರುತ್ತದಲ್ಲ, ಅದರ ಸನದು ದುರ್ಬಲ ಎಂದು ಉಸ್ತಾದರು ಹೇಳಿದ್ದಾರೆ. ಆದರೆ ಈ ವಜೀರನ ಕೆಲಸಕ್ಕೆ ಹಸ್ತಪ್ರತಿಯ ಸಾಕ್ಷಿ ಇದೆ.

ಇಷ್ಟು ಓದಿದ ಮೇಲೆ ನನಗೆ ಕೊಂಬು ಬಂತು. ಲುಹರ್ ನಮಾಝಿನ ನಂತರ ಹುಡುಗಿಯರು ತಲೆನೋವು, ಹಲ್ಲುನೋವು, ಲ್ಯಾಬ್ ಪರೀಕ್ಷೆಯ ಭಯ ಎಂದು ನನ್ನ ಮುಂದೆ ಕೈಚಾಚುತ್ತಿದ್ದರು. ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸದಲ್ಲಿ ಹೆಗು ಎಂಬ ಬಿಂದು ಇದೆ; ತಲೆನೋವಿಗೆ ಪ್ರಸಿದ್ಧ. ನಾನು ಎಲ್ಲರಿಗೂ ಅದನ್ನೇ ಒತ್ತಿದೆ. "ಡಾಕ್ಟರಮ್ಮ" ಎಂಬ ಹೆಸರೂ ಬಂತು, ಬೇಡ ಎನ್ನಲಿಲ್ಲ. ಒಮ್ಮೆ ಮನೆಗೆ ಬಂದಿದ್ದ ಗರ್ಭಿಣಿ ಸಂಬಂಧಿಯೊಬ್ಬರಿಗೂ ಒತ್ತಲು ಹೋದೆ. ಮಾಮ ನನ್ನ ಕೈಯನ್ನೇ ತಟ್ಟಿ ತೆಗೆದರು. ಬಸುರಿಯರಿಗೆ ಆ ಬಿಂದುವನ್ನು ಮುಟ್ಟಬಾರದು ಎಂಬುದು ಚೀನೀ ವೈದ್ಯರ ಹಳೆಯ ನಿಯಮ. "ಅರ್ಧ ಗೊತ್ತಿರುವವರ ಹತ್ತಿರ ನಾನು ಕೂದಲು ಕೂಡ ಕತ್ತರಿಸಿಕೊಳ್ಳುವುದಿಲ್ಲ" ಎಂದರು. ನನಗೆ ಎರಡು ದಿನ ಸಿಟ್ಟಿತ್ತು.

ಕಳೆದ ಜುಲೈಯಲ್ಲಿ ತಮ್ಮನಿಗೆ ಜ್ವರ ಬಂತು. ಉಮ್ಮ ಅಜ್ಜಿಯನ್ನು ನೋಡಿಕೊಳ್ಳಲು ತವರಿಗೆ ಹೋಗಿದ್ದರು, ಮನೆಯಲ್ಲಿ ದೊಡ್ಡವಳು ನಾನು. ಚಳಿ, ತಲೆನೋವು, ಮೈಕೈ ನೋವು. ಫೋನಿನಲ್ಲಿ ಉಮ್ಮ, "ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲಾ?" ಎಂದು ಕೇಳಿದರು. "ಬೇಡ ಉಮ್ಮ, ನಾನು ನೋಡಿಕೊಳ್ಳುತ್ತೇನೆ" ಎಂದೆ. ಹೆಗು ಒತ್ತಿದೆ, ಕುತ್ತಿಗೆಯ ಹಿಂದೆ ಒತ್ತಿದೆ, ಮೊಣಕಾಲಿನ ಕೆಳಗೆ ಒತ್ತಿದೆ. ಸಂಜೆ ಹೊತ್ತಿಗೆ ಅವನು ಬೆವೆತು ಎದ್ದು ಕೂತ, ಗಂಜಿ ಕುಡಿದ. ನಾನು ಉಮ್ಮನಿಗೆ ಹೆಮ್ಮೆಯಿಂದ ಫೋನ್ ಮಾಡಿದೆ. ಮರುದಿನ ಮತ್ತೆ ಸಣ್ಣಗೆ ಜ್ವರ, ಮತ್ತೆ ನನ್ನ ಬೆರಳುಗಳು. ಮೂರನೇ ದಿನ ಮಂಚ ಅಲುಗುವಂತೆ ನಡುಗತೊಡಗಿದ. ಎರಡು ಕಂಬಳಿ ಹೊದಿಸಿದರೂ ಹಲ್ಲು ಕಟಕಟ. ಆಗ ಮಾಮನಿಗೆ ಫೋನ್ ಮಾಡಿದೆ. ಅವರು ಬಿಂದುಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ರಕ್ತ ಪರೀಕ್ಷೆ ಮಾಡಿಸಿದ್ದೀಯಾ?" ಎಂದಷ್ಟೇ ಕೇಳಿದರು.

ಮಲೇರಿಯಾ. ಅದರಲ್ಲೂ ಫಾಲ್ಸಿಪಾರಂ, ಮಿದುಳಿಗೂ ಏರಬಲ್ಲ ಜಾತಿ. ಬೆವರಿ ಜ್ವರ ಇಳಿಯುವುದು ಮಲೇರಿಯಾದ ಸ್ವಭಾವವೇ ಹೊರತು ನನ್ನ ಹೆಬ್ಬೆರಳಿನ ಪವಾಡವಾಗಿರಲಿಲ್ಲ. "ಜ್ವರ ಶುರುವಾಗಿ ಎಷ್ಟು ದಿನ?" ಎಂದು ವೈದ್ಯೆ ಕೇಳಿದರು. "ಮೂರನೇ ದಿನ." "ಮಂಗಳೂರಿನವರಾಗಿ ಇಷ್ಟು ದಿನ ರಕ್ತ ಪರೀಕ್ಷೆ ಮಾಡಿಸದೆ ಏನು ಮಾಡುತ್ತಿದ್ದಿರಿ?" ತಮ್ಮ ನನ್ನ ಮುಖ ನೋಡಿದ. ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು.

ಮೂರು ದಿನದ ಮಾತ್ರೆ ಕೊಟ್ಟರು. ರಾತ್ರಿ ಅವನ ಪಕ್ಕ ಕೂತು ಹಾಳೆಯ ಮೇಲಿನ ಹೆಸರು ಓದಿದೆ: ಆರ್ಟಿಸುನೇಟ್. ಜ್ವರ ಇಳಿದ ಮೇಲೆ ಕಾಲೇಜಿಗೆ ಬಂದು ಜೀವಶಾಸ್ತ್ರದ ಸರ್ ಹತ್ತಿರ ಎಲ್ಲ ಹೇಳಿಕೊಂಡೆ. ಅವರು ಬೈಯಲಿಲ್ಲ. "ಆ ಮಾತ್ರೆ ಎಲ್ಲಿಂದ ಬಂತು ಗೊತ್ತೇನಮ್ಮ?" ಎಂದು ಕೇಳಿ ತೂ ಯೂಯೂ ಅವರ ವಿಷಯ ಹೇಳಿದರು.

1967ರ ಮೇ 23ರಂದು ಚೀನಾ ಸರ್ಕಾರ ಮಲೇರಿಯಾಕ್ಕೆ ಮದ್ದು ಹುಡುಕುವ ಗುಟ್ಟಿನ ಯೋಜನೆ ಆರಂಭಿಸಿತು. ವಿಯೆಟ್ನಾಂ ಯುದ್ಧದಲ್ಲಿ ಸೈನಿಕರು ಗುಂಡಿಗಿಂತ ಜ್ವರಕ್ಕೆ ಹೆದರುತ್ತಿದ್ದ ಕಾಲ. 1969ರಲ್ಲಿ ಬೀಜಿಂಗಿನ ಸಾಂಪ್ರದಾಯಿಕ ವೈದ್ಯ ಸಂಸ್ಥೆಯಲ್ಲಿದ್ದ ತೂ ಅವರಿಗೆ ಆ ಕೆಲಸ ಬಂತು. ಅವರ ತಂಡ ಹಳೆಯ ಗ್ರಂಥಗಳಿಂದ, ವೃದ್ಧ ವೈದ್ಯರಿಂದ 2000ಕ್ಕೂ ಹೆಚ್ಚು ಮದ್ದುಗಳನ್ನು ಬರೆದುಕೊಂಡಿತು. ನೂರಾರು ಸಾರಗಳನ್ನು ಇಲಿಗಳ ಮೇಲೆ ಪರೀಕ್ಷಿಸಿತು. ಹೆಚ್ಚಿನವು ಕೆಲಸ ಮಾಡಲಿಲ್ಲ. ಚಿಂಗ್‌ಹಾವೋ ಎಂಬ ಗಿಡ ಒಮ್ಮೆ ಗುಣ ತೋರಿಸಿತು, ಮತ್ತೊಮ್ಮೆ ಕೈಕೊಟ್ಟಿತು. ತೂ ಮತ್ತೆ ಗ್ರಂಥಗಳಿಗೆ ಹೋದರು. ನಾಲ್ಕನೇ ಶತಮಾನದ ಗೆ ಹೋಂಗ್ ಎಂಬ ವೈದ್ಯ ಆ ಗಿಡವನ್ನು ಕುದಿಸಲು ಹೇಳಿರಲಿಲ್ಲ. ನೀರಿನಲ್ಲಿ ನೆನೆಹಾಕಿ ಹಿಂಡಿದ ರಸ ಕೊಟ್ಟಿದ್ದ. ಹಾಗಾದರೆ ಬಿಸಿಯೇ ಗುಣವನ್ನು ಕೆಡಿಸುತ್ತಿರಬಹುದು ಎಂದು ಅವರಿಗೆ ಹೊಳೆಯಿತು. ಕಡಿಮೆ ಉಷ್ಣತೆಯಲ್ಲಿ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ 191ನೇ ಮಾದರಿ ಇಲಿಗಳ ಮಲೇರಿಯಾವನ್ನು ಪೂರ್ತಿ ಗುಣಪಡಿಸಿತು. ರೋಗಿಗಳಿಗೆ ಕೊಡುವ ಮೊದಲು ತೂ ಮತ್ತು ಸಹೋದ್ಯೋಗಿಗಳು ತಾವೇ ಅದನ್ನು ಸೇವಿಸಿ ನೋಡಿದರು. ಅದರಲ್ಲಿದ್ದ ಆರ್ಟಿಮಿಸಿನಿನ್‌ನಿಂದಲೇ ನನ್ನ ತಮ್ಮನ ಮಾತ್ರೆ ತಯಾರಾದದ್ದು. 2015ರಲ್ಲಿ ಅವರಿಗೆ ನೊಬೆಲ್ ಬಂತು. ಅವರಿಗೆ ಎಂ.ಬಿ.ಬಿ.ಎಸ್. ಪದವಿಯೂ ಇಲ್ಲ, ಪಿಎಚ್.ಡಿ.ಯೂ ಇಲ್ಲ. ನೀಟ್ ಬರೆಯುವ ಗೆಳತಿಯರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ನಾನು ಆ ರಾತ್ರಿ ಬಹಳ ಹೊತ್ತು ಯೋಚಿಸಿದ್ದು ಆ ಎರಡು ಸಾವಿರದ ಬಗ್ಗೆ. ಚೀನೀ ವೈದ್ಯ ಎಂದರೆ ನನಗೆ ಒಂದೇ ದೊಡ್ಡ ಪೆಟ್ಟಿಗೆ. ಒಂದು ಬಿಂದು ಹಿತ ಕೊಟ್ಟರೆ ಇಡೀ ಪೆಟ್ಟಿಗೆ ನಿಜ. ತೂ ಒಂದೊಂದನ್ನೂ ಹೊರತೆಗೆದು ಬೇರೆ ಬೇರೆ ಕೇಳಿದರು: ನೀನು ಕೆಲಸ ಮಾಡುತ್ತೀಯಾ? ನೀನು? ಆ ಪೆಟ್ಟಿಗೆಯಲ್ಲಿ ವಿಷವೂ ಇದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ ತೂಕ ಇಳಿಸಲೆಂದು ಚೀನೀ ಗಿಡಮೂಲಿಕೆ ಸೇವಿಸಿದ ಅನೇಕ ಮಹಿಳೆಯರ ಮೂತ್ರಪಿಂಡಗಳು ಕೆಟ್ಟುಹೋದವು. ಒಂದು ಬೇರಿನ ಬದಲು ಇನ್ನೊಂದು ಬೇರು ಸೇರಿಹೋಗಿತ್ತು. ಚಿಂಗ್‌ಹಾವೋ ಎಲೆಯ ಚಹಾವನ್ನು ಮಲೇರಿಯಾಕ್ಕೆ ಕುಡಿಯಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ.

ಇನ್ನು ಹೇಳಲು ನಾಚಿಕೆಯಾಗುವ ಸಂಗತಿಯೊಂದು ಉಳಿದಿದೆ. ಮನೆಯಲ್ಲಿ ಮಲೇರಿಯಾ ಕಂಡುಬಂದ ಕಾರಣ ಆರೋಗ್ಯ ಕಾರ್ಯಕರ್ತರೊಬ್ಬರು ಬಂದರು. ನಮ್ಮೆಲ್ಲರ ಬೆರಳಿನಿಂದ ರಕ್ತ ತೆಗೆದುಕೊಂಡು, "ಟೆರೇಸ್ ತೋರಿಸಿ" ಎಂದರು. ನೀರಿನ ಟ್ಯಾಂಕಿನ ಮುಚ್ಚಳ ಹಿಂದಿನ ಮಳೆಗಾಲದಲ್ಲೇ ಒಡೆದಿತ್ತು. ಅರ್ಧ ಮುಚ್ಚಳದ ಮೇಲೆ ಒಂದು ಗೋಣಿಚೀಲ. ಅವರು ಅದನ್ನು ಸರಿಸಿ ಟಾರ್ಚ್ ಹಾಕಿದರು. ನೀರಿನ ಮೇಲ್ಮೈಗೆ ಅಂಟಿಕೊಂಡ ಹಾಗೆ ಸಣ್ಣ ಸಣ್ಣ ಹುಳುಗಳು ಮಲಗಿದ್ದವು, ಬೆಳಕು ಬಿದ್ದೊಡನೆ ಪುಳಕ್ಕನೆ ಸರಿದವು. ಅನಾಫಿಲಿಸ್ ಸೊಳ್ಳೆಯ ಮರಿಗಳು. ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿಯಾದ ನಾನು ಚಿತ್ರದಲ್ಲಿ ಗುರುತಿಸಿ ಅಂಕ ಪಡೆದಿದ್ದ ಅದೇ ಮರಿಗಳು. ಅವುಗಳಿಂದ ನಾಲ್ಕು ಅಡಿ ದೂರದಲ್ಲಿ ನಾನು ವರ್ಷವಿಡೀ ಆಕಾಶ ಎತ್ತಿ ಹಿಡಿದು ರೋಗ ತಡೆಯುತ್ತಿದ್ದೆ.

ಮರುದಿನವೇ ಹೊಸ ಮುಚ್ಚಳ ತಂದೆವು. ತಮ್ಮ ಈಗ ಚೆನ್ನಾಗಿದ್ದಾನೆ. ಭಾನುವಾರ ಟ್ಯಾಂಕ್ ನೋಡುವ ಕೆಲಸ ಅವನದು. ಟಾರ್ಚ್ ಹಿಡಿದು ದೊಡ್ಡ ಅಧಿಕಾರಿಯ ಹಾಗೆ ಹತ್ತುತ್ತಾನೆ. ನಾನು ಬೆಳಿಗ್ಗೆ ಬಾ ದುವಾನ್ ಜಿನ್ ಬಿಟ್ಟಿಲ್ಲ, ಬಸ್ಸಿನಲ್ಲಿ ಮಣಿಕಟ್ಟು ಒತ್ತುವುದನ್ನೂ ಬಿಟ್ಟಿಲ್ಲ. ಯಾರಾದರೂ ಜ್ವರ ಎಂದು ಕೈಚಾಚಿದರೆ ಮಾತ್ರ ಮಾಮನ ಪ್ರಶ್ನೆಯನ್ನೇ ಕೇಳುತ್ತೇನೆ. ಕಳೆದ ವಾರ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಬಸ್ಸಿನಲ್ಲಿ ನನ್ನ ಪಕ್ಕ ಕೂತು ಲಿಂಬೆಹಣ್ಣು ಮೂಸುತ್ತಿದ್ದಳು. ಅವಳ ಕೈಯನ್ನು ನಾನು ಹಿಡಿಯಲಿಲ್ಲ. ಅವಳದೇ ಮೂರು ಬೆರಳು ಎಲ್ಲಿಡಬೇಕೆಂದು ತೋರಿಸಿ, ಬ್ಯಾಗಿನಲ್ಲಿದ್ದ ಒಂದು ತೊಟ್ಟೆಯನ್ನೂ ಕೊಟ್ಟೆ.