ಹೊಟ್ಟೆಯೊಳಗಿನ ಬೆಣ್ಣೆ

ಸಕ್ಕರೆ ಕಾಯಿಲೆ, ಬಿ.ಪಿ. ಇದ್ದರೆ ನಾವು ಹೆಂಗಸರು ಮದುವೆಮನೆಯಲ್ಲೂ ಹೇಳಿಕೊಳ್ಳುತ್ತೇವೆ. ಕರುಳಿನ ತೊಂದರೆಯನ್ನು ಮಾತ್ರ ಗಂಡನಿಗೂ ಹೇಳುವುದಿಲ್ಲ. ನನ್ನ ತಂಗಿ ಎರಡು ವರ್ಷ ರಕ್ತ ಹೋಗುತ್ತಿದ್ದುದನ್ನು ಮೂಲವ್ಯಾಧಿಯೆಂದುಕೊಂಡು ಬಚ್ಚಿಟ್ಟಳು. ಯಾರಾದರೂ ಊಟಕ್ಕೆ ಕರೆದರೆ ಆ ಮನೆಯಲ್ಲಿ ಕಕ್ಕಸು ಎಲ್ಲಿದೆ ಎಂಬುದೇ ಅವಳ ಮೊದಲ ಯೋಚನೆ. ಕೊನೆಗೆ ಡಾಕ್ಟರು ಕೊಳವೆ ಹಾಕಿ ನೋಡಿ ಅಲ್ಸರೇಟಿವ್ ಕೊಲೈಟಿಸ್ ಎಂದರು. ದೊಡ್ಡ ಕರುಳಿನ ಒಳಪದರಕ್ಕೆ ಉರಿಯೂತ ಬಂದು ಹುಣ್ಣಾಗುವ ಕಾಯಿಲೆ ಅದು.

ಸರಿ, ಶುರುವಾಯಿತು ಉಪದೇಶ. ತುಪ್ಪ ಕುಡಿ, ತುಪ್ಪ ಮುಟ್ಟಬೇಡ, ಮೀನೆಣ್ಣೆ ನುಂಗು! ನಾನು ಓದಿದ್ದು ಬಿ.ಎ., ಕಲಿಸುವುದು ಕನ್ನಡ. ಆದರೂ ತಡೆಯಲಾರದೆ ಡಾಕ್ಟರನ್ನೇ ಕೇಳಿದೆ, ಪುಸ್ತಕ ತಿರುವಿದೆ.

ಕೊಬ್ಬಿನ ಆಮ್ಲಗಳು ಒಂದೇ ಸ್ವಭಾವದವಲ್ಲ. ಜೀವಕೋಶದ ಪೊರೆಯಲ್ಲಿರುವ ಅರಾಕಿಡೋನಿಕ್ ಆಮ್ಲದಿಂದ ಲ್ಯೂಕೋಟ್ರೈನ್, ಪ್ರೋಸ್ಟಗ್ಲಾಂಡಿನ್‌ಗಳು ಹುಟ್ಟುತ್ತವೆ. ಲ್ಯೂಕೋಟ್ರೈನ್ ಬಿಳಿ ರಕ್ತಕಣಗಳನ್ನು ಕರೆತಂದು ಉರಿಯನ್ನು ಹೆಚ್ಚಿಸುತ್ತದೆ. ಪ್ರೋಸ್ಟಗ್ಲಾಂಡಿನ್ ಹಳೆಯ ಕಾಲದ ಅತ್ತೆಯಂತೆ: ನೋಯಿಸುವುದೂ ಅದೇ, ಒಳಪದರವನ್ನು ಕಾಯುವುದೂ ಅದೇ. ತಂಗಿ ಮಂಡಿನೋವಿಗೆ ನುಂಗುತ್ತಿದ್ದ ಐಬುಪ್ರೊಫೆನ್ ಆ ಕಾವಲನ್ನೂ ಕಡಿಮೆ ಮಾಡುವಂಥದ್ದು. ಡಾಕ್ಟರು ಮೊದಲು ಅದನ್ನೇ ನಿಲ್ಲಿಸಿದರು.

ನನಗೆ ಬೆರಗು ತಂದದ್ದು ಬ್ಯುಟಿರೇಟ್. ಬೆಣ್ಣೆಯಲ್ಲಿ ಮೊದಲು ಸಿಕ್ಕಿದ್ದರಿಂದ ಆ ಹೆಸರು. ಆದರೆ ತಿಂದ ತುಪ್ಪದಲ್ಲಿರುವುದು ಮೇಲಿನ ಕರುಳಲ್ಲೇ ಹೀರಿಹೋಗುತ್ತದೆ. ಕೆಳಗೆ ದೊಡ್ಡ ಕರುಳಿನಲ್ಲಿ, ನಮಗೆ ಅರಗದ ನಾರನ್ನು ಹುದುಗಿಸಿ ಅದನ್ನು ತಯಾರಿಸುವವು ಬ್ಯಾಕ್ಟೀರಿಯಾಗಳು. ಆ ಒಳಪದರದ ಕೋಶಗಳಿಗೆ ಇದೇ ಮುಖ್ಯ ಆಹಾರವೆಂದು 1980ರಲ್ಲಿ ರೋಡಿಗರ್ ಎಂಬ ವೈದ್ಯ ತೋರಿಸಿದರು. ಕೊಲೈಟಿಸ್ ಇದ್ದವರಲ್ಲಿ ಇಂಥ ಬ್ಯಾಕ್ಟೀರಿಯಾಗಳು ಕಡಿಮೆಯಿರುತ್ತವೆ.

ಹಾಗೆಂದು ರೋಗ ಕೆರಳಿದಾಗ ರಾಗಿಮುದ್ದೆ, ಹುರುಳಿಕಾಳು ತುಂಬಿಸಬಾರದು. ಆಗ ಮೆತ್ತಗಿನ ಅನ್ನವೇ ಸೈ. ಶಮನವಾದ ಮೇಲೆ ಸ್ವಲ್ಪಸ್ವಲ್ಪವಾಗಿ ಕಾಳು, ಸೊಪ್ಪು. ಮೀನೆಣ್ಣೆಯ ಕಥೆಯೂ ಇಷ್ಟೇ. ಇದರ ದಾಯಾದಿ ಕಾಯಿಲೆ ಕ್ರೋನ್ಸ್ ಮರುಕಳಿಸದಂತೆ ಅದು ತಡೆಯುತ್ತದೆಯೇ ಎಂದು ಮಾಡಿದ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ 2008ರಲ್ಲಿ ಬಂತು. ತಡೆಯಲಿಲ್ಲ.

ತಂಗಿ ಮೆಸಲಮೈನ್ ಮಾತ್ರೆ ಬಿಟ್ಟಿಲ್ಲ. ಹುಷಾರಾದೆನಲ್ಲ, ಸಾಕು ಎಂದು ಒಮ್ಮೆ ಹಟ ಹಿಡಿದಿದ್ದಳು. ನಿಲ್ಲಿಸಿದರೆ ಮತ್ತೆ ಕೆರಳುತ್ತದೆಂದು ಡಾಕ್ಟರು ಗದರಿದರು. ಈಗ ಉಪದೇಶ ಹೊತ್ತು ಯಾರಾದರೂ ಬಂದರೆ ಕಾಫಿ ಕೊಟ್ಟು, ಅವರ ಮೊಮ್ಮಕ್ಕಳ ವಿಷಯ ತೆಗೆಯುತ್ತಾಳೆ.