ಮುಟ್ಟಿ ನೋಡುವ ಚಿತ್ರಗಳು

ಕ್ರಿ.ಶ. 600ರಲ್ಲಿ ಜಗದ್ಗುರು ಮಹಾ ಗ್ರೆಗೊರಿಯವರು ಮಾರ್ಸೇಲ್ಸಿನ ಧರ್ಮಾಧ್ಯಕ್ಷ ಸೆರೆನಸರಿಗೆ ಪತ್ರವೊಂದನ್ನು ಬರೆದರು. ಜನರು ಆರಾಧಿಸತೊಡಗಿದರೆಂದು ದೇವಾಲಯದ ಚಿತ್ರಗಳನ್ನು ಒಡೆಸಿಹಾಕಿದ್ದವರು ಈ ಸೆರೆನಸ್. ಅಕ್ಷರ ಬಾರದವರು ಗೋಡೆಯ ಚಿತ್ರಗಳಿಂದಲೇ ಕಲಿಯುತ್ತಾರೆ, ಅದನ್ನು ಅವರಿಂದ ಕಸಿಯಲಾಗದು ಎಂಬುದು ಪತ್ರದ ಸಾರ. ಗುರುಮಠದಲ್ಲಿ ಧರ್ಮಸಭೆಯ ಚರಿತ್ರೆಯನ್ನು ಓದುವಾಗ ನನಗೆ ಬಹಳ ಹಿಡಿಸಿದ ಪ್ರಸಂಗವಿದು. ಆದರೆ ಚಿತ್ರವೇ ಮುಚ್ಚಿದ ಗ್ರಂಥವಾಗಿರುವವರ ಪಾಡೇನು?

ಮ್ಯಾಡ್ರಿಡ್‌ನ ಪ್ರಾದೊ ವಸ್ತುಸಂಗ್ರಹಾಲಯ 2015ರಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ತನ್ನ ಸಂಗ್ರಹದ ಆರು ವರ್ಣಚಿತ್ರಗಳ ಉಬ್ಬುಪ್ರತಿಗಳನ್ನು ಮಾಡಿಸಿ, ಬ್ರೈಲ್ ವಿವರಣೆಯೊಡನೆ ಬೆರಳುಗಳ ಮುಂದಿರಿಸಿತು. ಅವುಗಳಲ್ಲೊಂದು ಕೊರೆಜ್ಜೊ ರಚಿಸಿದ ‘ನೋಲಿ ಮೆ ತಾಂಜೆರೆ’. ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳಿಗೆ ಪ್ರಭು ಕಾಣಿಸಿಕೊಂಡ ಸಂದರ್ಭವದು. ಆ ಲತೀನ್ ಹೆಸರಿನ ಅರ್ಥ ‘ನನ್ನನ್ನು ಮುಟ್ಟಬೇಡ’! (ಗ್ರೀಕ್ ಮೂಲದಲ್ಲಿ ‘ಹಿಡಿದುಕೊಂಡಿರಬೇಡ’ ಎಂಬ ಭಾವವೇ ಹೆಚ್ಚೆಂದು ನಮ್ಮ ಪಂಡಿತರು ಹೇಳುತ್ತಾರೆ.) ವಸ್ತುಸಂಗ್ರಹಾಲಯಗಳ ಗೋಡೆಗಳ ಮೇಲೆ ನಾವು ಕಾಣುವ ಆಜ್ಞೆಯೂ ಅದೇ ಅಲ್ಲವೇ? ಅಂಧರ ಬೆರಳುಗಳಿಗೆ ಆ ಚಿತ್ರವನ್ನೇ ಒಪ್ಪಿಸಿದವರ ಮನಸ್ಸಿನಲ್ಲಿ, ತೋಮನ ಕೈಯನ್ನು ತನ್ನ ಗಾಯಗಳತ್ತ ಕರೆದ ಪ್ರಭು ಇದ್ದನೋ ಇಲ್ಲವೋ, ನನಗಂತೂ ಆತ ನೆನಪಾದ. ದೃಷ್ಟಿಯುಳ್ಳ ಸಂದರ್ಶಕರಿಗೂ ಅಲ್ಲಿ ಕಣ್ಣು ಮರೆಮಾಡುವ ಕನ್ನಡಕ ದೊರೆಯುತ್ತಿತ್ತು.

ನಮ್ಮ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವೂ ಅದೇ ವರ್ಷ ‘ಅನುಭವ’ ಎಂಬ ಸ್ಪರ್ಶ ಗ್ಯಾಲರಿಯನ್ನು ತೆರೆಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ 29ನೇ ಕಲಮು, ಕಲೆಯನ್ನು ಅವರಿಗೆ ಎಟುಕುವಂತೆ ಮಾಡುವುದನ್ನು ಸರ್ಕಾರದ ಹೊಣೆಯೆಂದಿದೆ. ಕಾಯಿದೆ ‘ಹಕ್ಕು’ ಎನ್ನುವುದನ್ನು ನಾವು ‘ದಯೆ’ ಎನ್ನಲು ಇಷ್ಟಪಡುತ್ತೇವೆ. ದಯೆಯಾದರೆ ಮುಂದಿನ ವರ್ಷಕ್ಕೆ ತಳ್ಳಬಹುದು! ಧರ್ಮಕೇಂದ್ರದ ಉತ್ಸವಕ್ಕೆ ಚಿತ್ರಪ್ರದರ್ಶನ ಏರ್ಪಡಿಸುವವರು ಮೆಟ್ಟಿಲಿಲ್ಲದ ಕೋಣೆಯನ್ನು ಆರಿಸಲಿ, ವಿವರಗಳನ್ನು ದಪ್ಪ ಅಕ್ಷರದಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿನ ಮಟ್ಟಕ್ಕೆ ತೂಗಿಸಲಿ. ಬ್ರೈಲ್ ಎಲ್ಲ ಅಂಧರಿಗೂ ಬರುವುದಿಲ್ಲ. ಆದುದರಿಂದ ಪಕ್ಕದಲ್ಲಿ ನಿಂತು ವಿವರಿಸುವ ಒಬ್ಬರು ಬೇಕೇ ಬೇಕು.

ಈ ವಿವರಿಸುವ ಕೆಲಸ ಸುಲಭವಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಮಂದಿರದ ಗೋಡೆ ಮತ್ತು ಛಾವಣಿಗಳನ್ನು ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಆಂತೋನಿಯೊ ಮೊಸ್ಕೇನಿಯವರು ಶತಮಾನದ ಹಿಂದೆ ಚಿತ್ರಗಳಿಂದ ತುಂಬಿದರು. ಛಾವಣಿಯಲ್ಲಿರುವುದು ಸಂತ ಅಲೋಶಿಯಸರ ಜೀವನ. ಅಷ್ಟು ಎತ್ತರವನ್ನು ಯಾವ ಬೆರಳೂ ಮುಟ್ಟದು. ನಮ್ಮ ಗಾನವೃಂದದ ಅಂಧ ತರುಣನೊಬ್ಬನನ್ನು ಅಲ್ಲಿಗೆ ಕರೆದೊಯ್ದಿದ್ದೆ. ಸಂತರು 23ರ ಹರೆಯದಲ್ಲಿ, 1591ರಲ್ಲಿ ತೀರಿಕೊಂಡರೆಂದು ಹೇಳಿದೆ. “ಅದು ಗೊತ್ತು ಫಾದರ್. ಚಿತ್ರದಲ್ಲಿ ಅವರ ಮುಖಕ್ಕೆ ಎಷ್ಟು ವಯಸ್ಸು?” ಎಂದ.

ಕತ್ತೆತ್ತಿ ಮುಖವನ್ನು ಹುಡುಕಿದೆ. ಉತ್ತರ ಕೊಡುವಷ್ಟರಲ್ಲಿ ಇನ್ನೊಂದು ಪ್ರಶ್ನೆ: “ಅವರು ಯಾರ ಕಡೆ ನೋಡುತ್ತಿದ್ದಾರೆ?” ಅರ್ಧ ಗಂಟೆ ಕಳೆದರೂ ನಾವಿಬ್ಬರು ಮೊದಲನೆಯ ಚಿತ್ರವನ್ನು ದಾಟಿರಲಿಲ್ಲ.